ಬಾಗಿದವರು ಸೋತವರು

ಕ್ರೀಡಾ ಮಾನ್ಯತಾ ಉಪನಿರ್ದೇಶಕರ ಕಚೇರಿಯು ಸಾರ್ವಜನಿಕರ ಅನುಕೂಲಕ್ಕಾಗಿ ಮೀನುಗಾರಿಕೆ ಇಲಾಖೆಯ ಕಟ್ಟಡದಲ್ಲಿದೆ. ಅದನ್ನು ಹುಡುಕುತ್ತಾ ಹೊರಟ ನಾನು ಮತ್ತೊಮ್ಮೆ ಮೀನುಮರಿಗಳ ಕೊಠಡಿಗೇ ಬಂದು ಸೇರಿದ್ದೆ. ಮರುಭೂಮಿಯಲ್ಲಿ ಒಂಟೆ ಕಾಯುವವರ ಹತ್ತಿರ ದಾರಿ ಕೇಳಿದ್ದೇನೆ, ಭಾಷೆ ತಿಳಿಯದ ಬಂದರುಗಳಲ್ಲಿ ಕೈಸನ್ನೆಯಲ್ಲೇ ಮಲಗಲು ಜಾಗ ಹುಡುಕಿಕೊಂಡಿದ್ದೇನೆ. ಆದರೆ ಇಲ್ಲಿ ಮೆಟ್ಟಿಲ ಬುಡದ ಕಾವಲುಗಾರನಿಗೆ ಶರಣಾಗಲೇಬೇಕಾಯಿತು.

"ಕ್ರೀಡಾ ಮಾನ್ಯತೆ ಎಲ್ಲಪ್ಪಾ?"

"ಮೇಲೆ ಹತ್ತಿ, ಆ ಕಡೆಯಿಂದ ಕೆಳಗೆ ಇಳೀರಿ. ಕೈಲೇನಮ್ಮಾ ಅದು?"

"ದೊಣ್ಣೆ."

"ದೊಣ್ಣೆ ಒಳಗೆ ಬಿಡಲ್ಲ. ಊರುಗೋಲಾದ್ರೆ ಬಿಡ್ತೀವಿ. ಸ್ವಲ್ಪ ಕುಂಟ್ಕೊಂಡು ಹೋಗಿ."

ಕುಂಟಿಕೊಂಡು ಹೋದೆ.

ದೊಣ್ಣೆಯೂ ನನ್ನದಲ್ಲ, ಕೈಲಿದ್ದ ಅರ್ಜಿಯೂ ನನ್ನದಲ್ಲ. ಎರಡೂ ಚಿಕ್ಕಮ್ಮನವು. ಒಂದು ಪ್ರಯಾಣ ಮುಗಿದು ಇನ್ನೊಂದು ಶುರುವಾಗುವ ಮೊದಲು ಬಟ್ಟೆ ಒಗೆದುಕೊಳ್ಳೋಣವೆಂದು ನಾನು ಅವಳ ಮನೆಗೆ ಬಂದಿಳಿಯುವುದಕ್ಕೂ ಗರಡಿಯ ಬಾಗಿಲಿಗೆ ನಗರಸಭೆಯ ನೋಟಿಸು ಅಂಟುವುದಕ್ಕೂ ಸರಿಹೋಗಿತ್ತು. ಗರಡಿ ಅಂದರೆ ಧಾನ್ಯ ತುಂಬುತ್ತಿದ್ದ ಹಳೆಯ ಗೋದಾಮು. ಚಿಕ್ಕಮ್ಮ ಮದುವೆಯಾಗದೆ, ಬೇರೆ ಕೆಲಸ ಹಿಡಿಯದೆ, ಊರಿನ ಹೆಣ್ಣುಗಂಡುಗಳಿಗೆಲ್ಲ ದೊಣ್ಣೆವರಸೆ ಕಲಿಸುತ್ತಾ ತಲೆ ಬೆಳ್ಳಗೆ ಮಾಡಿಕೊಂಡ ಜಾಗ. ನೋಟಿಸು ಹೀಗಿತ್ತು: "ಸದರಿ ಕಟ್ಟಡದಲ್ಲಿ ನಡೆಯುತ್ತಿರುವ ಚಟುವಟಿಕೆಯು ಕ್ರೀಡೆಯೆಂದು ಮಾನ್ಯವಾಗದೇ ಇದ್ದಲ್ಲಿ, ಕಟ್ಟಡವನ್ನು ಕಸದ ಗಾಡಿಗಳ ವಿಶ್ರಾಂತಿಗಾಗಿ ವಹಿಸಿಕೊಳ್ಳಲಾಗುವುದು."

"ನೀನು ಲೋಕ ಸುತ್ತಿದೋಳು, ಆಫೀಸಿಗೆ ನೀನೇ ಹೋಗು. ನಾನು ಹೋದ್ರೆ ಯಾರಿಗಾದ್ರೂ ಬಾರಿಸಿ ಬರ್ತೀನಿ," ಎಂದಿದ್ದಳು ಚಿಕ್ಕಮ್ಮ.

ಉಪನಿರ್ದೇಶಕರು ಬಹಳ ಸೌಮ್ಯ ಮನುಷ್ಯ. ಅರ್ಜಿಯನ್ನು ಓದಿ ಕನ್ನಡಕ ತೆಗೆದರು.

"ಹೊಡೆದಾಟವಾದ್ರೆ ಪೊಲೀಸ್ ಇಲಾಖೆಗೆ ಬರುತ್ತೆ. ಕುಣಿತವಾದ್ರೆ ಸಂಸ್ಕೃತಿ ಇಲಾಖೆಗೆ. ಇದು ನಮಗೆ ಹೇಗೆ ಬರುತ್ತೆ ಮೇಡಂ?"

"ಇಬ್ಬರು ಆಡ್ತಾರೆ ಸರ್. ದೊಣ್ಣೆ ಎದುರಿನವರ ಭುಜಕ್ಕೆ ತಾಗಿದ್ರೆ ಆಟ ಮುಗೀತು. ಒಬ್ಬರು ಗೆಲ್ತಾರೆ, ಒಬ್ಬರು ಸೋಲ್ತಾರೆ."

"ಗೆದ್ದೋರು ಯಾರು ಅಂತ ಹೇಗೆ ಗೊತ್ತಾಗುತ್ತೆ?"

"ಭುಜ ಉಜ್ಜಿಕೊಳ್ಳೋರು ಸೋತೋರು ಸರ್."

"ಅದು ನಿಮಗೆ ಗೊತ್ತಾಗುತ್ತೆ. ಇಲಾಖೆಗೆ ಗೊತ್ತಾಗಬೇಕಲ್ಲ," ಎಂದು ಅವರು ಒಬ್ಬ ವೀಕ್ಷಕರನ್ನು ನೇಮಿಸಿದರು.

ವೀಕ್ಷಕರು ಈಜು ತಜ್ಞರು. ಇಲಾಖೆಯಲ್ಲಿ ಈಜುಕೊಳ ಇಲ್ಲದ ಕಾರಣ ಬಿಡುವಾಗಿದ್ದರು. ಗರಡಿಗೆ ಬಂದು, ಮಣ್ಣಿನ ಕಣಕ್ಕೆ ಚಪ್ಪಲಿ ತಗುಲದಂತೆ ದೂರದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತರು. ಚಿಕ್ಕಮ್ಮನ ಶಿಷ್ಯರಲ್ಲೇ ಚುರುಕಾದ ದರ್ಜಿ ಹುಡುಗಿ ಒಬ್ಬ ಲಾರಿ ಡ್ರೈವರನ ಎದುರು ಇಳಿದಳು. ಅವನು ಅವಳ ಎರಡರಷ್ಟಿದ್ದ. ದೊಣ್ಣೆಗಳು ಗಾಳಿಯಲ್ಲಿ ಗುಂಯ್‌ಗುಟ್ಟಿದವು, ಟಪ್ ಎಂದಿತು, ಡ್ರೈವರ್ ಭುಜ ಹಿಡಿದುಕೊಂಡು "ಅವ್ವಾ!" ಎಂದ. ಹುಡುಗಿ ದೊಣ್ಣೆ ನೆಲಕ್ಕಿಟ್ಟು, ಸೊಂಟ ಮುರಿಯುವಷ್ಟು ಬಗ್ಗಿ ಅವನಿಗೆ ವಂದಿಸಿದಳು.

ಈ ವಿದ್ಯೆಯ ಪದ್ಧತಿಯೇ ಹಾಗೆ. ಗೆದ್ದವರು ಸೋತವರಿಗೆ ಬಾಗಬೇಕು. ಯಾಕೆಂದು ಚಿಕ್ಕವಳಿದ್ದಾಗ ನಾನೂ ಕೇಳಿದ್ದೆ. "ಸೋತೋರ ತಲೆ ತಾನಾಗೇ ತಗ್ಗಿರುತ್ತೆ ಕಣೇ, ಗೆದ್ದೋರದ್ದನ್ನ ಯಾರಾದ್ರೂ ತಗ್ಗಿಸಬೇಕಲ್ಲ," ಎಂದಿದ್ದಳು ಚಿಕ್ಕಮ್ಮ.

ವೀಕ್ಷಕರಿಗೆ ಪೆಟ್ಟು ಕಾಣಲಿಲ್ಲ, ಅದು ಅಷ್ಟು ಬೇಗ ಬಿದ್ದಿತ್ತು. ಬಾಗಿದ್ದು ಮಾತ್ರ ನಿಧಾನವಾಗಿ, ಸ್ಪಷ್ಟವಾಗಿ ಕಂಡಿತು. ಅವರು ತಲೆದೂಗಿ ಬರೆದುಕೊಂಡರು. ಹೇಳಿಕೊಡಬೇಕಾದ್ದು ಏನಾದರೂ ಇದೆಯೇ ಎಂದು ನಾನು ಕೇಳಿದ್ದಕ್ಕೆ, "ಏನೂ ಬೇಡಮ್ಮಾ, ಸೋಲು ಗೆಲುವು ನೋಡಿಯೇ ನನ್ನ ಸರ್ವೀಸು ಮುಗೀತಾ ಬಂದಿದೆ," ಎಂದು ಎದ್ದುಹೋದರು.

ಮಾನ್ಯತೆ ಬಂತು. ಗರಡಿಯಲ್ಲಿ ಸಕ್ಕರೆ ಹಂಚಿದೆವು. ಬಾಯಲ್ಲಿ ಸಕ್ಕರೆ ಇರುವಾಗಲೇ ದರ್ಜಿ ಹುಡುಗಿ ನಿಯಮಾವಳಿ ಓದಿದಳು.

"ನಿಯಮ ಒಂದು: ಆಟದ ಅಂತ್ಯದಲ್ಲಿ ಬಾಗಿದವರನ್ನು ಸೋತವರೆಂದೂ, ಯಾರಿಗೆ ಬಾಗಲಾಯಿತೋ ಅವರನ್ನು ಗೆದ್ದವರೆಂದೂ ಪರಿಗಣಿಸತಕ್ಕದ್ದು. ನಿಯಮ ಎರಡು: ಬಾಗುವ ಪದ್ಧತಿಯು ಈ ಕ್ರೀಡೆಯ ಪಾರಂಪರಿಕ ಲಕ್ಷಣವಾಗಿರುವುದರಿಂದ ಅದನ್ನು ಬದಲಿಸಿದಲ್ಲಿ ಮಾನ್ಯತೆ ರದ್ದಾಗತಕ್ಕದ್ದು."

ಲಾರಿ ಡ್ರೈವರ್ ಭುಜ ಉಜ್ಜಿಕೊಳ್ಳುವುದನ್ನು ನಿಲ್ಲಿಸಿ, "ಹಂಗಾದ್ರೆ ಅವತ್ತು ಗೆದ್ದಿದ್ದು ನಾನಾ?" ಎಂದ.

ನಾನು ಮತ್ತೆ ಕುಂಟಿಕೊಂಡು ಕಚೇರಿಗೆ ಹೋದೆ. ಉಪನಿರ್ದೇಶಕರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ ಒಪ್ಪಿಕೊಂಡರು. "ತಪ್ಪಾಗಿರೋದು ನಿಜ ಮೇಡಂ. ತಿದ್ದುಪಡಿಗೆ ಅವಕಾಶ ಕೂಡ ಇದೆ. ಆದರೆ ಮಾನ್ಯ ಚಾಂಪಿಯನ್ನರು ಮಾತ್ರ ತಿದ್ದುಪಡಿ ಕೋರಬಹುದು."

"ಚಾಂಪಿಯನ್ ಅಂದ್ರೆ, ಈಗಿನ ನಿಯಮದ ಪ್ರಕಾರ ಗೆದ್ದೋರು?"

"ಈಗ ಇರೋದು ಅದೊಂದೇ ನಿಯಮ ಅಲ್ವಾ? ಇನ್ನೊಂದು ವಿಷಯ. ನಿಮ್ಮ ಚಿಕ್ಕಮ್ಮ ಆ ಕಟ್ಟಡ ಉಳಿಸ್ಕೋಬೇಕಂದ್ರೆ ಅವರು ಪದಕ ಪಡೆದ ತರಬೇತುದಾರರಾಗಿರಬೇಕು. ಮುಂದಿನ ತಿಂಗಳು ಪಂದ್ಯಾವಳಿ ಇದೆ. ಶುಭವಾಗಲಿ."

ಪಂದ್ಯಾವಳಿಯ ಸುದ್ದಿ ಹಬ್ಬಿದ್ದೇ ತಡ, ದೊಣ್ಣೆವರಸೆಗೆ ಹಿಂದೆಂದೂ ಇಲ್ಲದ ಪ್ರೋತ್ಸಾಹ ದೊರೆಯಿತು. ಬಸ್ ನಿಲ್ದಾಣದ ಎದುರು 'ಖಚಿತ ಸೋಲು ತರಬೇತಿ ಕೇಂದ್ರ' ತೆರೆಯಿತು. ಭುಜ ಮುಂದೆ ಒಡ್ಡುವುದು ಹೇಗೆ, ಎದುರಾಳಿ ಹೊಡೆಯಲು ತಡಮಾಡಿದರೆ ಸಭ್ಯವಾಗಿ ಅವಸರಿಸುವುದು ಹೇಗೆ ಎಂದು ಅಲ್ಲಿ ಹೇಳಿಕೊಡುತ್ತಿದ್ದರು. ಪಂದ್ಯದ ಮೊದಲ ದಿನ ನಗರಸಭಾ ಸದಸ್ಯರ ಬಾಮೈದನೊಬ್ಬ ದೊಣ್ಣೆಯನ್ನು ತಿರುಗಿಸಹೋಗಿ ತನ್ನ ಭುಜಕ್ಕೆ ತಾನೇ ಹೊಡೆದುಕೊಂಡ. ಎದುರಾಳಿಯ ಸಹಾಯವಿಲ್ಲದೆ ಸಾಧಿಸಿದ ಗೆಲುವೆಂದು ಅವನಿಗೆ ವಿಶೇಷ ಪ್ರಶಸ್ತಿ ಬಂತು. ದರ್ಜಿ ಹುಡುಗಿ ಎಲ್ಲರನ್ನೂ ಹೊಡೆದು, ಎಲ್ಲರಿಗೂ ಬಾಗಿ, ಕಟ್ಟಕಡೆಯ ಸ್ಥಾನ ಪಡೆದಳು. ಜನ ಬಹಳ ಬೇಗ ಹೊಂದಿಕೊಂಡರು. ಯಾರಿಗಾದರೂ ಪೆಟ್ಟು ಬಿದ್ದರೆ ಸಿಳ್ಳೆ ಹಾಕುತ್ತಿದ್ದರು. ಹೊಡೆದವರನ್ನು ಕಂಡು, "ಪಾಪ, ಮನೆಯಲ್ಲಿ ಏನು ಹೇಳ್ತಾರೋ," ಎಂದು ಲೊಚಗುಟ್ಟುತ್ತಿದ್ದರು.

ಹಿರಿಯ ಮಹಿಳೆಯರ ವಿಭಾಗಕ್ಕೆ ಚಿಕ್ಕಮ್ಮ ಒಬ್ಬಳೇ ಹೆಸರು ಕೊಟ್ಟಿದ್ದಳು. ಇಬ್ಬರಾದರೂ ಇಲ್ಲದಿದ್ದರೆ ಪಂದ್ಯವಿಲ್ಲ, ಪಂದ್ಯವಿಲ್ಲದಿದ್ದರೆ ಪದಕವಿಲ್ಲ. ನಾನು ಹೆಸರು ಕೊಟ್ಟೆ. ಅದೊಂದೇ ಪಂದ್ಯ, ಅದೇ ಫೈನಲ್ಲು. ಚಿಕ್ಕಮ್ಮ ನನ್ನ ಕೈಯಲ್ಲಿ ಒಂದು ಪೆಟ್ಟು ತಿಂದರೆ ಸಾಕು, ಗರಡಿ ಉಳಿಯುತ್ತದೆ.

ಅದೇ ಕಷ್ಟವಾಗಿದ್ದು. ಚಿಕ್ಕಮ್ಮನಿಗೆ ಸೋಲಲು ಬರುತ್ತಿರಲಿಲ್ಲ. ಹಿಂದಿನ ದಿನ ಅಂಗಳದಲ್ಲಿ ಅಭ್ಯಾಸಕ್ಕೆ ನಿಂತೆವು. ನಾನು ದೊಣ್ಣೆ ಬೀಸಿದಾಗಲೆಲ್ಲ ಅವಳದ್ದು ತಾನಾಗಿ ಎದ್ದು ತಡೆಯುತ್ತಿತ್ತು, ತಿರುಗಿ ಬಂದು ನನ್ನ ಭುಜಕ್ಕೆ ಬೀಳುತ್ತಿತ್ತು.

"ಸುಮ್ನೆ ನಿಂತ್ಕೋ ಚಿಕ್ಕಮ್ಮಾ!"

"ನಿಂತ್ಕೋ ಅಂತ ಕೈಗೆ ಹೇಳ್ದೆ ಕಣೇ. ಕೇಳಲ್ಲ ಅಂತಿದೆ."

"ಕಣ್ಣು ಮುಚ್ಕೋ."

ಕಣ್ಣು ಮುಚ್ಚಿಕೊಂಡಳು. ಈ ಸಲ ಪೆಟ್ಟು ಇನ್ನೂ ಜೋರಾಗಿ ಬಿತ್ತು.

"ನಿಜವಾಗಿ ಹೊಡೀಬೇಕು ನೀನು," ಎಂದಳು ನನ್ನ ಭುಜಕ್ಕೆ ಎಣ್ಣೆ ತಿಕ್ಕುತ್ತಾ. "ಹೆಂಗೂ ಗುರುಬಾಕಿ ಇದ್ಯಲ್ಲ ನಿಂದು."

ದೊಣ್ಣೆವರಸೆಯಲ್ಲಿ ಶಿಷ್ಯರು ಗುರುವಿಗೆ ಕೊಡಬೇಕಾದದ್ದು ಒಂದೇ ಒಂದು. ಕಲಿಸಿದವರ ಭುಜಕ್ಕೆ ಕಲಿತವರ ಒಂದು ಪೆಟ್ಟು. ಅದು ಬೀಳುವ ತನಕ ಕಲಿಕೆ ಮುಗಿದಂತಲ್ಲ. ಗುರುವಾದವರು ಬಿಟ್ಟುಕೊಡುವಂತೆಯೂ ಇಲ್ಲ. ನಾನು ಕೊಡದೆ ರೈಲು ಹತ್ತಿದವಳು. ಹೋದ ದೇಶಗಳಿಂದೆಲ್ಲ ಅವಳಿಗೆ ಏನೇನೋ ಕಳಿಸಿದ್ದೇನೆ, ಶಾಲು, ಗಡಿಯಾರ, ಒಂದು ಸಲ ಕಂಚಿನ ಆಮೆ. ಅವೆಲ್ಲ ಅಟ್ಟದ ಮೇಲಿದ್ದವು.

ಮರುದಿನ ಗರಡಿಯ ಕಣದಲ್ಲಿ ಈಜು ತಜ್ಞರೇ ತೀರ್ಪುಗಾರರು. ಸೀಟಿ ಊದಿದರು. ಚಿಕ್ಕಮ್ಮನ ಮುಖದಲ್ಲಿ ಸೋಲುವ ನಿರ್ಧಾರ ಗಟ್ಟಿಯಾಗಿತ್ತು, ಕೈ ಮಾತ್ರ ಅದಕ್ಕೆ ಸೇರಿರಲಿಲ್ಲ. ಎಡದಿಂದ ಬೀಸಿದೆ, ತಡೆದಳು. ಬಲದಿಂದ ಬೀಸಿದೆ, ತಡೆದಳು. ಬಗ್ಗಿ ಕೆಳಗಿನಿಂದ ಎತ್ತಿದೆ, ಅದನ್ನೂ ತಡೆದಳು. ತಿರುಗಿ ಬರುತ್ತಿದ್ದ ಅವಳ ದೊಣ್ಣೆಯಿಂದ ತಪ್ಪಿಸಿಕೊಳ್ಳುವುದನ್ನು ಮಾತ್ರ ಹಿಂದಿನ ದಿನದ ಪೆಟ್ಟುಗಳು ನೆನಪಿಸಿಕೊಟ್ಟಿದ್ದವು. ಕಸದ ಗಾಡಿಯ ಚಾಲಕರು ಆಗಲೇ ಹಗ್ಗ ಹಿಡಿದು ಗೋದಾಮಿನ ಬಾಗಿಲ ಅಗಲ ಅಳೆಯುತ್ತಿದ್ದರು.

ಸೀಟಿ ಮತ್ತೆ ಕೂಗಿತು.

"ಅತಿಯಾದ ರಕ್ಷಣೆ!" ಎಂದು ಕೂಗಿದರು ತೀರ್ಪುಗಾರರು. "ಎದುರಾಳಿಗೆ ಸೋಲಲು ಬಿಡ್ತಿಲ್ಲ ನೀವು. ಅಲ್ಲ, ಗೆಲ್ಲಲು. ಅಂತೂ ಬಿಡ್ತಿಲ್ಲ. ಎಚ್ಚರಿಕೆ!"

ಚಿಕ್ಕಮ್ಮನಿಗೆ ತಡೆಯಲಾಗಲಿಲ್ಲ. "ಏನಂದ್ರೀ? ರಕ್ಷಣೆ ಅತಿಯಾಯ್ತಾ?" ಎಂದು ಕತ್ತು ತಿರುಗಿಸಿದಳು.

ನೋಟ ತಪ್ಪಿದವರನ್ನು ಬಿಡಬೇಡ. ಗರಡಿಯಲ್ಲಿ ಅವಳು ನನಗೆ ಕಲಿಸಿದ ಮೊದಲ ಪಾಠ ಅದು. ಕಾಲು ತಾನಾಗಿ ಮುಂದೆ ಹೋಯಿತು. ಅವಳ ದೊಣ್ಣೆ ಎದ್ದಿತು, ಕೂದಲೆಳೆಯಷ್ಟು ತಡವಾಗಿ. ಟಪ್ ಎಂದಿತು. ನನ್ನದೇ ಪೆಟ್ಟಿನ ಸದ್ದು ಕೇಳಿ ನಾನೇ ಬೆಚ್ಚಿದೆ.

ಜನ ಎದ್ದುನಿಂತು ಸಿಳ್ಳೆ ಹಾಕಿದರು. ಚಿನ್ನದ ಪದಕದ ಪೆಟ್ಟಿಗೆ ತೆರೆಯಿತು. ಉಪನಿರ್ದೇಶಕರು ನನ್ನತ್ತ ನೋಡಿ ಸಂತಾಪದಿಂದ ಕೈ ಆಡಿಸಿದರು. ಚಾಲಕರು ಹಗ್ಗ ಸುತ್ತಿಕೊಂಡು ಹೊರಟರು.

ಚಿಕ್ಕಮ್ಮ ಭುಜ ಉಜ್ಜಿಕೊಳ್ಳುತ್ತಾ ನನ್ನನ್ನೇ ನೋಡುತ್ತಿದ್ದಳು. ಕಣ್ಣು ತುಂಬಿತ್ತು, ಬಾಯಿ ಮಾತ್ರ ಬಿಗಿದಿತ್ತು. "ತಡವಾಯ್ತು. ಆದ್ರೂ ಪೆಟ್ಟು ಚೆನ್ನಾಗಿದೆ," ಎಂದಳು.

ದೊಣ್ಣೆ ನೆಲಕ್ಕಿಟ್ಟೆ. ಬಾಗಿದೆ. ಹಣೆ ಮೊಣಕಾಲಿಗೆ ತಾಗುವ ತನಕ ಬಾಗಿದೆ. ಏಳಲು ಮನಸ್ಸಾಗಲಿಲ್ಲ. ಹಿಂದಿನಿಂದ ಈಜು ತಜ್ಞರು ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು.

ಚಿಕ್ಕಮ್ಮ ಬಗ್ಗಿ ನನ್ನ ಕಿವಿ ಹಿಂಡಿದಳು.

"ಬಾಕಿ ತೀರ್ತು, ಏಳೇ ಸಾಕು. ಇನ್ನೂ ಬಗ್ಗಿದ್ರೆ ಅದನ್ನೂ ನಿಯಮ ಮಾಡ್ತಾರೆ."