ಹೆಂಡತಿಯ ಗಿರಾಕಿ

ಹೆಂಗಸರಿಗೆ ಇನ್ನೂ ಓಟಿಲ್ಲದಿದ್ದ ಕಾಲ. ಲಂಡನ್ನಿನ ವಿಮಾ ಕಂಪನಿಯೊಂದರ ಗುಮಾಸ್ತ ಹೊರೇಸ್ ಪಿಂಬಲ್ ಬೆಳಿಗ್ಗೆ ಕಚೇರಿಯ ಕಿಟಕಿಯಿಂದ ಕೆಳಗೆ ಇಣುಕಿದ್ದೇ ತಪ್ಪಾಯಿತು. ಎದುರು ಮೂಲೆಯಲ್ಲಿ ಅವನ ಹೆಂಡತಿ ವಿನ್ನಿ, ಹೆಂಗಸರಿಗೂ ಓಟು ಬೇಕೆಂದು ಕೂಗುತ್ತಾ ಪತ್ರಿಕೆ ಮಾರುತ್ತಿದ್ದಳು. ಫುಟ್‌ಪಾತಿನ ಮೇಲೆ ನಿಂತು ಮಾರಿದರೆ ದಾರಿಗೆ ಅಡ್ಡಿಯೆಂದು ಪೊಲೀಸರು ಹಿಡಿಯುತ್ತಾರೆ; ಹಾಗಾಗಿ ಈ ಪತ್ರಿಕೆ ಮಾರುವ ಉಳಿದ ಹೆಂಗಸರಂತೆ ಅವಳೂ ಕೆಳಗಿಳಿದು ಚರಂಡಿಯ ಅಂಚಿನಲ್ಲಿ ನಿಂತಿದ್ದಳು.

ಯಾರ ಮನೆ ಹೆಂಗಸು ಈ ಓಟಿನ ಗಲಾಟೆಗೆ ಇಳಿದರೂ ಅವನ ಕೆಲಸ ಹೋಯಿತೆಂದೇ ತಿಳಿಯಿರಿ ಎಂದು ಮ್ಯಾನೇಜರ್ ಗ್ರಿಂಡ್ಲೆ ಸಾಹೇಬರು ಹಿಂದಿನ ದಿನವಷ್ಟೇ ಗುಡುಗಿದ್ದರು. ಮಧ್ಯಾಹ್ನ ಊಟಕ್ಕೆ ಅವರು ಇಳಿಯುವುದು ಅದೇ ಮೂಲೆಗೆ. ಕ್ರಿಸ್‌ಮಸ್ ಔತಣದಲ್ಲಿ ವಿನ್ನಿಯನ್ನು ಕಂಡಿದ್ದ ಅವರು ಮುಖ ಮರೆಯುವ ಆಸಾಮಿಯೂ ಅಲ್ಲ.

ವಿನ್ನಿಗೆ ಬೇಡವೆನ್ನುವ ಧೈರ್ಯ ಮದುವೆಯಾದಾಗಿನಿಂದ ಅವನಿಗೆ ಬಂದಿರಲಿಲ್ಲ. ಪತ್ರಿಕೆ ಮುಗಿದರೆ ಮನೆಗೆ ಹೋಗುತ್ತಾಳೆಂದು, ಅವಳ ಕಣ್ಣಿಗೆ ಬೀಳದಂತೆ ಕೆಳಗಿಳಿದು, ಆ ಬೀದಿಯಲ್ಲಿ ಹೂ ಮಾರುವ ಡೋರಾ ಎಂಬುವಳ ಕೈಗೆ ಕಾಸು ತುರುಕಿ ಇಡೀ ಕಟ್ಟನ್ನೇ ಕೊಳ್ಳಿಸಿದ. ವಿನ್ನಿ ಹೋದಳು. ಹೊರೇಸ್ ಪತ್ರಿಕೆಗಳನ್ನು ಕೋಟಿನೊಳಗೆ ಅಡಗಿಸಿಕೊಂಡು ಉಸಿರು ಬಿಡುವಷ್ಟರಲ್ಲಿ ಇನ್ನೂ ದೊಡ್ಡ ಕಟ್ಟು ಹೊತ್ತು ಬಂದಳು. ಈ ಬೀದಿಯ ಜನ ಎಚ್ಚೆತ್ತಿದ್ದಾರೆಂದು ಡೋರಾಳ ಮುಂದೆ ಹಿಗ್ಗಿದಳು. ಅದನ್ನೂ ಕೊಳ್ಳಿಸಿದ. ವಿನ್ನಿ ಮತ್ತೆ ತರಲು ಓಡಿದಳು.

ತುಂಬು ಬಸುರಿಯ ಹಾಗೆ ಹೊಟ್ಟೆ ಹಿಡಿದುಕೊಂಡು ಫುಟ್‌ಪಾತಿನಲ್ಲಿ ಕಚೇರಿಗೆ ಮರಳುತ್ತಿದ್ದ ಹೊರೇಸನ ಕೋಟಿನ ಗುಂಡಿ ಕಿತ್ತುಹೋಗಿ, ಪತ್ರಿಕೆಗಳೆಲ್ಲ ದಬದಬನೆ ಸುರಿದವು. ಜನ ಮುತ್ತಿದರು. ಪೊಲೀಸಿನವನೂ ಬಂದ.

"ಮಾರೋದಾದ್ರೆ ಕೆಳಗಿಳಿದು ಮಾರಪ್ಪಾ. ಇಲ್ಲೇ ನಿಂತ್ರೆ ಒಳಗೆ ಹಾಕ್ತೀನಿ."

ಹೊರೇಸ್ ಎಲ್ಲವನ್ನೂ ಬಾಚಿಕೊಂಡು ಚರಂಡಿಯ ಅಂಚಿಗಿಳಿದ. ತಲೆ ಎತ್ತಿದರೆ ಎದುರಿಗೆ ಗ್ರಿಂಡ್ಲೆ ಸಾಹೇಬರು. ಅವರ ಕಂಕುಳಲ್ಲೂ ಅದೇ ಪತ್ರಿಕೆಯ ಕಟ್ಟು.

"ಓಹೋ, ಇಲ್ಲಿನ ವ್ಯಾಪಾರ ನಿಮ್ಮದೋ," ಎಂದರು ದನಿ ತಗ್ಗಿಸಿ. "ನನ್ನ ಹೆಂಡ್ತೀನೂ ಹಿಂದಿನ ಬೀದೀಲಿ ನಿಂತಿದ್ಲು ಕಣ್ರೀ. ನನಗೆ ಈಗ ಗೊತ್ತಾಯ್ತು. ಈ ಮೂಲೇಲಿ ಕಟ್ಟುಗಟ್ಟಲೆ ಹೋಗ್ತಿದೆ, ತನ್ನದು ಒಂದೂ ಹೋಗಿಲ್ಲ ಅಂತ ನನ್ನ ರೂಮಲ್ಲಿ ಬಂದು ಅಳ್ತಾ ಕೂತಿದಾಳೆ. ಇದನ್ನೂ ಸಂಜೆಯೊಳಗೆ ಮಾರಿಬಿಡಿ. ಒಂದು ಉಳಿದ್ರೂ ನಾಳೆ ಕೆಲಸಕ್ಕೆ ಬರಬೇಡಿ."

ಕಟ್ಟನ್ನು ಅವನ ತೋಳಿಗೆ ಹೇರಿ ಅವರು ಊಟಕ್ಕೆ ನಡೆದರು. ಹಿಂದೆಯೇ ವಿನ್ನಿ ಮೂರನೆಯ ಕಟ್ಟಿನೊಂದಿಗೆ ಏದುಸಿರು ಬಿಡುತ್ತಾ ಬಂದು, ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಕೊನೆಗೂ ನಮ್ಮ ಕಡೆ ಬಂದ್ರಲ್ಲಾ ರೀ, ಸಂತೋಷ. ಆದ್ರೆ ಈ ಮೂಲೆ ನಂದು. ನೀವು ಹಿಂದಿನ ಬೀದಿಗೆ ಹೋಗಿ. ಅಲ್ಲಿ ಒಂದೂ ಖರ್ಚಾಗಲ್ವಂತೆ, ಅದಕ್ಕೇ ಜಾಗ ಖಾಲಿ ಇದೆ."