ಹೆಸರು ಸರಿಯಿದೆಯಾ ಮೇಷ್ಟ್ರೇ?

ತರೀಕೆರೆಯಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದ ಮೇಲೆ ನನಗೊಂದು ವಿಚಿತ್ರ ಕೆಲಸ ಗಂಟುಬಿತ್ತು. ಪಂಚಾಯ್ತಿಗಳು ತಮ್ಮ ಊರಿನ ಗಿಡಮರ, ಹಕ್ಕಿ, ಮೀನುಗಳ ದಾಖಲೆ ಪುಸ್ತಕ ಬರೆಯುತ್ತವೆ. ಅದರಲ್ಲಿರುವ ವೈಜ್ಞಾನಿಕ ಹೆಸರುಗಳು ಈಗಲೂ ಚಾಲ್ತಿಯಲ್ಲಿವೆಯೇ ಎಂದು ನಾನು ನೋಡಿಕೊಡಬೇಕು. ಗಿಡಗಳಿಂದ ನನಗೆ ಯಾವತ್ತೂ ತೊಂದರೆಯಾಗಿಲ್ಲ. ಹೆಸರು ಬರೆಯುವವರಿಂದ ಮಾತ್ರ ಏನಾದರೊಂದು ಆಗುತ್ತಲೇ ಇರುತ್ತದೆ.

ಜಾಲಿಯ ಅಫಿಡವಿಟ್ಟು

ಕಡೂರು ಕಡೆಯ ಒಂದು ಪಂಚಾಯ್ತಿ. ಕರಿಜಾಲಿಯ ಮುಂದೆ ‘ಅಕೇಸಿಯಾ’ ಎಂದಿತ್ತು. ಹೊಡೆದುಹಾಕಿ ‘ವ್ಯಾಚೆಲಿಯಾ’ ಎಂದು ಬರೆದೆ. ಕಾರ್ಯದರ್ಶಿ ಹೌಹಾರಿದರು.

“ಏನ್ ಸಾರ್, ಸರ್ಕಾರಿ ದಾಖಲೇಲಿ ಹಿಂಗೆ ಹೆಸರು ಬದಲಾಯಿಸ್ಬಿಟ್ರೆ?”

“ನಾನಲ್ಲ ಕಣ್ರೀ, ವಿಜ್ಞಾನಿಗಳು ಬದಲಾಯಿಸಿದ್ದು.”

“ಖಾತೇಲಿ ಒಂದಕ್ಷರ ತಿದ್ದೋಕೂ ನಾವು ಅಫಿಡವಿಟ್ ಕೇಳ್ತೀವಿ.”

“ಜಾಲಿ ಮರ ಎಲ್ಲಿಂದ ತರುತ್ತೆ ಅಫಿಡವಿಟ್ಟು?”

ಅವರು ಸ್ವಲ್ಪ ಯೋಚಿಸಿ, “ಮರವೇ ಬರ್ಬೇಕು ಅಂತೇನಿಲ್ಲ ಸಾರ್, ಜಮೀನಿನ ಯಜಮಾನ ಬಂದ್ರೂ ನಡೆಯುತ್ತೆ” ಎಂದು ರಿಯಾಯಿತಿ ತೋರಿಸಿದರು.

ಓಗೊಡುವ ಹೆಸರು

ಅಮೃತಾಪುರದ ಹತ್ತಿರ ಅಜ್ಜಿಯೊಬ್ಬರು ತಗಚೆ ಸೊಪ್ಪು ಕೀಳುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಮೊಬೈಲ್ ತೆಗೆದೆ.

“ಏನಪ್ಪಾ, ಸೊಪ್ಪು ಮುಂದೇ ಇದೆ, ಮೊಬೈಲ್‌ನಾಗೆ ಏನ್ ಹುಡುಕ್ತೀಯ?”

“ಹೆಸರು ಅಜ್ಜಿ. ಮೊದಲು ಇದಕ್ಕೆ ಕ್ಯಾಸಿಯಾ ಅಂತಿದ್ರು, ಈಗ ಸೆನ್ನಾ ಅಂತಾರೆ. ಹಳೇದು ನಡೆಯಲ್ಲ.”

“ಯಾಕ್ ನಡೆಯಲ್ಲ? ಮದುವೇಲಿ ನಂಗೂ ಹೆಸರು ಬದಲಾಯಿಸಿದ್ರು. ತವರಿನೋರು ಇವತ್ತಿಗೂ ಹಳೇ ಹೆಸರೇ ಕೂಗ್ತಾರೆ.”

“ನೀವು ಯಾವುದಕ್ಕೆ ಓ ಅಂತೀರಾ?”

“ಊಟಕ್ಕೆ ಕರೆದ್ರೆ ಎರಡಕ್ಕೂ. ಕೆಲಸಕ್ಕೆ ಕರೆದ್ರೆ ಯಾವುದಕ್ಕೂ ಇಲ್ಲ.”

ಬೇಲಿಯ ಬಳ್ಳಿ

ಅಜ್ಜಂಪುರ ಕಡೆಯಿಂದ ಬಂದ ಪುಸ್ತಕದಲ್ಲಿ, ‘ಬೇಲಿಯ ನೀಲಿ ಹೂವಿನ ಬಳ್ಳಿ’ ಎಂಬುದರ ಎದುರು ಇಂಗ್ಲಿಷ್ ಅಕ್ಷರದಲ್ಲಿ, ಮಿಕ್ಕ ವೈಜ್ಞಾನಿಕ ಹೆಸರುಗಳಂತೆಯೇ ಓರೆಯಾಗಿ, ‘ಗೊಟಿಲಾ ಕನಪ್ಪಾ’ ಎಂದಿತ್ತು. ಮೂರು ದಿನ ಹುಡುಕಿದೆ. ಯಾವ ಪಟ್ಟಿಯಲ್ಲೂ ಇಲ್ಲ. ನಮ್ಮ ಸೀಮೆಯಲ್ಲೇ ಹೊಸ ಪ್ರಭೇದವೇ? ತಡೆಯಲಾರದೆ ನನ್ನ ಗುರುಗಳಿಗೆ ಇ-ಮೇಲ್ ಬರೆದುಬಿಟ್ಟೆ. ಅವರು ಈ ವಿಷಯದಲ್ಲಿ ದೊಡ್ಡ ತಜ್ಞರು.

ನಾಲ್ಕನೇ ದಿನ ಬೆಳಗ್ಗೆ ‘ಗೊಟಿಲಾ, ಗೊಟಿಲಾ’ ಎಂದು ಗೊಣಗುತ್ತಿದ್ದಾಗ ನನ್ನ ಹೆಂಡತಿ ಕಾಫಿ ಲೋಟ ಇಟ್ಟು ಹಾಳೆ ಕಿತ್ತುಕೊಂಡಳು.

“ರೀ, ಇದು ಲ್ಯಾಟಿನ್ನೂ ಅಲ್ಲ, ಎಂಥದ್ದೂ ಅಲ್ಲ. ನಮ್ಮಣ್ಣ ಮೊಬೈಲಲ್ಲಿ ಇಂಗ್ಲಿಷ್ ಅಕ್ಷರ ಹಾಕಿ ಹೀಗೇ ಕನ್ನಡ ಬರೆಯೋದು. ‘ಗೊತ್ತಿಲ್ಲ ಕಣಪ್ಪ’!”

ಪಂಚಾಯ್ತಿಗೆ ಫೋನ್ ಮಾಡಿದೆ. ಹೌದು, ಬಳ್ಳಿಯ ವೈಜ್ಞಾನಿಕ ಹೆಸರೇನು ಎಂದು ಟೈಪ್ ಮಾಡುವವರು ಕೇಳಿದ್ದಕ್ಕೆ, ಗಿಡ ಗುರುತಿಸಿದ ಸದಸ್ಯರು ಹಾಗೇ ಮೆಸೇಜ್ ಹಾಕಿದ್ದರಂತೆ.

ಗುರುಗಳಿಗೆ ಏನು ಹೇಳುವುದೆಂದು ಬೆವರುತ್ತಿರುವಾಗಲೇ ಅವರ ಉತ್ತರ ಬಂತು:

“ಪ್ರಿಯ ಶಿಷ್ಯ, ಹೆಸರಿಟ್ಟ ಕ್ರಮ ನಿಯಮಬದ್ಧವಾಗಿದೆ. ಯಾರೋ ಹಿರಿಯ ಸಂಶೋಧಕರ ಗೌರವಾರ್ಥ ಇಟ್ಟಂತಿದೆ. ಕನಪ್ಪನವರು ಈಗಲೂ ಬದುಕಿದ್ದಾರೆಯೇ? ನಮ್ಮ ಮುಂದಿನ ಸಮ್ಮೇಳನದಲ್ಲಿ ಅವರಿಗೊಂದು ಸನ್ಮಾನ ಇಟ್ಟುಕೊಂಡಿದ್ದೇವೆ.”