ಮ್ಯಾನೇಜರ ಕಳ್ಳಿಗೆ ನಾಲ್ಕು ಗಂಟೆ ಬಿಸಿಲು

"ಸೂರ್ಯ ಎಲ್ಲರ ಮನೆಗೂ ಬರ್ತಾನೆ ಸಾರ್. ಆದ್ರೆ ಅವನ ಹತ್ರ ಕೆಲಸ ತಗೊಳ್ಳೋದು ಎಲ್ಲರಿಗೂ ಬರಲ್ಲ. ಗಿಡದ ಚಿಂತೆ ನನಗೆ ಬಿಡಿ" ಎಂದು ಗಂಗಾಧರಪ್ಪ ಎದೆ ಮುಟ್ಟಿಕೊಂಡು ಹೇಳಿದ.

ಹುಣಸೂರಿನ ಹೊಗೆಸೊಪ್ಪಿನ ಮಂಡಿಯೊಂದರಲ್ಲಿ ಅವನು ಗುಮಾಸ್ತ. ಎದುರಿಗಿದ್ದವರು ಮ್ಯಾನೇಜರ್ ಮಹದೇವಪ್ಪನವರು. ಇಬ್ಬರ ನಡುವೆ ಮೇಜಿನ ಮೇಲೆ, ಪಿಂಗಾಣಿ ಕುಂಡದಲ್ಲಿ, ಅವರು ಬೆಂಗಳೂರಿನಿಂದ ತರಿಸಿಕೊಂಡಿದ್ದ ಪಾಪಸುಕಳ್ಳಿ ಕೂತಿತ್ತು. ಮುಷ್ಟಿಗಾತ್ರದ ಉಂಡೆ, ಮೈಯೆಲ್ಲ ಮುಳ್ಳು. ನಮ್ಮ ಸೀಮೆಯಲ್ಲಿ ಕಳ್ಳಿಯೆಂದರೆ ದನ ನುಗ್ಗದಿರಲೆಂದು ಬೇಲಿಗೆ ಹಾಕುವ ವಸ್ತು. ಅದನ್ನು ಮನೆಯೊಳಗಿಟ್ಟು ಮುದ್ದು ಮಾಡುವುದು ದೊಡ್ಡ ಸಂಬಳದವರಿಗೆ ಮಾತ್ರ ಬರುವ ಕಾಯಿಲೆ.

ಮ್ಯಾನೇಜರು ಇಪ್ಪತ್ತೆರಡು ದಿನ ಗುಂಟೂರಿಗೆ ಹೊರಟಿದ್ದರು. "ಮನೆಯೊಳಗೇ ಇಡಿ. ದಿನಕ್ಕೆ ನಾಲ್ಕು ಗಂಟೆ ಬಿಸಿಲು. ಹೆಚ್ಚೂ ಬೇಡ, ಕಮ್ಮಿನೂ ಬೇಡ. ನೀರು ಮಾತ್ರ ಒಂದು ತೊಟ್ಟೂ ಹಾಕಬೇಡಿ, ಬಂದು ನಾನೇ ಹಾಕ್ತೀನಿ" ಎಂದರು. ಅದೇ ಉಸಿರಿನಲ್ಲಿ, "ಕೋಟೆ ಗೋಡೌನಿಗೆ ಯಾರನ್ನ ಕಳಿಸೋದು ಅನ್ನೋದನ್ನೂ ಬಂದಮೇಲೇ ತೀರ್ಮಾನ ಮಾಡ್ತೀನಿ" ಎಂದೂ ಸೇರಿಸಿದರು.

ಆಗಿನ ಹೆಗ್ಗಡದೇವನಕೋಟೆಯೆಂದರೆ ಚಳಿಜ್ವರದ ತವರು. ಹೋದವರು ಆರು ತಿಂಗಳಲ್ಲಿ ಹಳದಿಯಾಗಿ, ಎರಡು ಕಂಬಳಿ ಹೊದ್ದುಕೊಂಡು ಬಸ್ಸಿಳಿಯುತ್ತಿದ್ದರು. ಕಳಿಸಬಹುದಾದ ಗುಮಾಸ್ತರು ಇಬ್ಬರೇ, ಗಂಗಾಧರಪ್ಪ ಮತ್ತು ಲಿಂಗಣ್ಣ. ಲಿಂಗಣ್ಣ ಮುಳ್ಳು ನೋಡಿಯೇ ಎರಡು ಹೆಜ್ಜೆ ಹಿಂದೆ ಸರಿದಿದ್ದ. ಗಿಡ ಉಳಿದರೆ ತಾನೂ ಹುಣಸೂರಿನಲ್ಲಿ ಉಳಿದಂತೆ ಎಂದು ಗಂಗಾಧರಪ್ಪ ಲೆಕ್ಕ ಹಾಕಿದ.

ಕುಂಡ ಮನೆಗೆ ಬಂದಾಗ ಹೆಂಡತಿ ಗುರುಶಾಂತಮ್ಮ ಸೆರಗು ಒಟ್ಟುಮಾಡಿಕೊಂಡು ಬಗ್ಗಿ ನೋಡಿದಳು. "ಏನ್ರೀ ಇದು, ಬೇಲಿ ಕಿತ್ಕೊಂಡು ಬಂದಿದ್ದೀರಲ್ಲ."

"ಬೇಲಿ ಅಲ್ಲ ಕಣೇ, ನಮ್ಮ ಹಣೇಬರ. ಇದ್ರ ಮೇಲೆ ನಾಲ್ಕು ಗಂಟೆ ಬಿಸಿಲು ಬೀಳದೆ ಇದ್ರೆ ನಾವು ಕೋಟೇಲಿರ್ತೀವಿ."

ಧನುರ್ಮಾಸದ ಬಿಸಿಲು ಸೋಮಾರಿ. ಬೆಳಿಗ್ಗೆ ಪಡಸಾಲೆಯ ಕಿಟಕಿಯಲ್ಲಿ ಒಂದು ಗಂಟೆ ಹಣಕಿ ಹಾಕುತ್ತಿತ್ತು. ಆಮೇಲೆ ಗಾಜಿನ ಹೆಂಚಿನಿಂದ ನಡುಮನೆಗೆ ಇಳಿದು, ಅಲ್ಲಿಂದ ತೊಟ್ಟಿಯ ಅಂಚಿಗೆ ಜಾರುತ್ತಿತ್ತು. ಗಂಗಾಧರಪ್ಪ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದು, ಪ್ರತಿ ಗೆರೆಗೂ ಗಂಟೆ ಬರೆದ. ತಾನು ಮಂಡಿಯಲ್ಲಿರುವಾಗ ಕುಂಡ ಸರಿಸುವ ಭಾರ ಹೆಂಡತಿಯದು. "ಹತ್ತೂವರೆಗೆ ಕಂಬದ ಹತ್ರ, ಹನ್ನೊಂದಕ್ಕೆ ಒಳಕಲ್ಲಿನ ಹತ್ರ. ಮರೀಬೇಡ."

"ನಂಗೇ ಅನ್ನ ಉಣ್ಣೋಕೆ ಹೊತ್ತು ಗೊತ್ತಿಲ್ಲ, ಇದಕ್ಕೆ ಇಷ್ಟು ಉಪಚಾರ" ಎಂದಳು. ಆದರೂ ಕೋಟೆಯ ಹೆದರಿಕೆಗೆ ತಪ್ಪದೆ ಸರಿಸಿದಳು.

ಎಂಟನೆಯ ದಿನ ಕಳ್ಳಿಯ ಬುಡ ಹಳದಿಯಾಯಿತು. ಗಂಗಾಧರಪ್ಪನಿಗೆ ಕೋಟೆಯಿಂದ ಬಂದವರ ಮುಖ ಕಣ್ಣಿಗೆ ಕಟ್ಟಿತು. ಬಿಸಿಲು ಸಾಲದು ಎಂದು ಗೋಡೆಯ ಕನ್ನಡಿ ಇಳಿಸಿ, ತೊಟ್ಟಿಯ ಬಿಸಿಲನ್ನು ಗಿಡದ ಮೇಲೆ ತಿರುಗಿಸಿದ. ಹನ್ನೆರಡನೆಯ ದಿನ ಗಿಡ ಮೆತ್ತಗಾಯಿತು. ಅವನು ಏಣಿ ಹತ್ತಿ ಆರು ಹೆಂಚು ತೆಗೆದ. ಆ ಕಿಂಡಿಯಿಂದ ಬಿಸಿಲಿಗಿಂತ ಮೊದಲು ಕೋತಿ ಇಳಿದು, ಗುರುಶಾಂತಮ್ಮ ಒಣಗಹಾಕಿದ್ದ ಒಂದು ಮೊರ ಸಂಡಿಗೆ ಮುಗಿಸಿ, ಕನ್ನಡಿಯನ್ನೂ ಒಡೆದು ಹೋಯಿತು. ಅವಳು ಎರಡು ದಿನ ಗಂಡನೊಡನೆ ಮಾತಾಡಲಿಲ್ಲ. ಅವನಿಗೆ ಅದು ತಿಳಿಯಲೂ ಇಲ್ಲ, ಏಕೆಂದರೆ ಅವನು ಮಾತಾಡುತ್ತಿದ್ದದ್ದು ಕಳ್ಳಿಯ ಜೊತೆ ಮಾತ್ರ.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಮಹದೇವಪ್ಪನವರು ರೈಲಿಳಿದು, ಬಸ್ಸು ಹಿಡಿದು, ತಮ್ಮ ಮನೆಗೂ ಹೋಗದೆ ನೇರ ಗಂಗಾಧರಪ್ಪನ ಮನೆಗೇ ಬಂದರು. ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತು, ಮುಳ್ಳು ತಪ್ಪಿಸಿ ಬೆರಳಿನಿಂದ ಮೆಲ್ಲಗೆ ಒತ್ತಿದರು. ಕಳ್ಳಿ ಬೆಂದ ಬದನೆಕಾಯಿಯಂತೆ ಪಕ್ಕಕ್ಕೆ ವಾಲಿತು.

"ನೀರು ಹಾಕಿದ್ದು ಯಾರು?"

"ಒಂದು ತೊಟ್ಟೂ ಇಲ್ಲ ಸಾರ್. ಬೇಕಾದ್ರೆ ಆಣೆ ಮಾಡ್ತೀನಿ. ಬಿಸಿಲು ಕಮ್ಮಿಯಾಗಿ..."

"ಕೊಳೆತಿದೆ ಕಣ್ರೀ. ಬಿಸಿಲು ಕಮ್ಮಿಯಾದ್ರೆ ಕೊಳೆಯುತ್ತಾ?"

ಒಳಗಿನಿಂದ ಗಂಗಾಧರಪ್ಪನ ತಾಯಿ ಮಂಗಳಮ್ಮ ಗೋಡೆ ಹಿಡಿದುಕೊಂಡು ಬಂದರು. "ನೀರು ಯಾರೂ ಹಾಕಿಲ್ಲ ಕಣಪ್ಪ. ಲಿಂಗ ತೊಳೆದ ನೀರು ನಾನು ದಿನಾ ಇವನು ಕೆಲಸಕ್ಕೆ ಹೋದಮೇಲೆ ಅದರ ಬುಡಕ್ಕೇ ಸುರೀತಿದ್ದೆ. ತುಳಿಯೋ ಜಾಗಕ್ಕೆ ಚೆಲ್ಲಬಾರದಲ್ಲ. ಹಿತ್ತಲ ಪತ್ರೆ ಗಿಡದವರೆಗೂ ನಡೆಯೋಕೆ ಮೊಣಕಾಲು ಬರಲ್ಲ. ದೇವರು ಕಳಿಸಿದಂಗೆ ಇದು ಮನೆಯೊಳಗೇ ಬಂತು."

ಗುರುಶಾಂತಮ್ಮ ಬಾಗಿಲ ಮರೆಯಿಂದ ಮೆಲ್ಲಗೆ ಹೇಳಿದಳು, "ಅತ್ತೆ ಸುರೀತಿದ್ರಲ್ಲ ಅಂತ ನಾನೂ ಅಲ್ಲೇ ಸುರೀತಿದ್ದೆ."

ಮಹದೇವಪ್ಪನವರೂ ಲಿಂಗ ಕಟ್ಟಿದವರು. ಪೂಜೆಯ ನೀರನ್ನು ಬೈಯುವಂತಿಲ್ಲ. ಅವರ ಸಿಟ್ಟು ದಾರಿ ಹುಡುಕುತ್ತ ಗಂಗಾಧರಪ್ಪನ ಮೇಲೆ ಬಂದು ನಿಂತಿತು. "ನೀವು? ನಿಮ್ಮ ಪೂಜೆ ನೀರು ಎಲ್ಲಿಗೆ ಹೋಗ್ತಿತ್ತು?"

ಬೆಳಗಿನ ಬಿಸಿಲು ಕಿಟಕಿಗೆ ಬರುವುದೂ ಪೂಜೆಯ ಹೊತ್ತೂ ಒಂದೇ ಆಗಿದ್ದರಿಂದ, ಇಪ್ಪತ್ತೆರಡು ದಿನದಿಂದ ಗಂಗಾಧರಪ್ಪ ಲಿಂಗವನ್ನು ಅಂಗೈಗೆ ತೆಗೆದುಕೊಂಡೇ ಇರಲಿಲ್ಲ. ತಾಯಿ ಕೇಳಿದಾಗಲೆಲ್ಲ "ಆಯ್ತವ್ವ" ಎಂದುಬಿಟ್ಟಿದ್ದ. ಈಗ ನಿಜ ಹೇಳಿದರೆ ಪೂಜೆ ತಪ್ಪಿಸಿದವನು, ಸುಳ್ಳು ಹೇಳಿದರೆ ಕಳ್ಳಿ ಕೊಂದವನು. ಎದುರಿಗೆ ಮ್ಯಾನೇಜರು, ಪಕ್ಕದಲ್ಲಿ ತಾಯಿ. ಕೋಟೆಯ ಚಳಿ ಇಲ್ಲೇ ಹಿಡಿದಂತಾಯಿತು.

"ನಾನೂ ಅಲ್ಲೇ ಸುರೀತಿದ್ದೆ ಸಾರ್" ಎಂದ, ತಲೆ ತಗ್ಗಿಸಿ.

ಮಹದೇವಪ್ಪನವರು ಕುಂಡ ಎತ್ತಿಕೊಂಡು ಎದ್ದರು. "ಇದನ್ನ ಚೆನ್ನಾಗಿ ನೋಡ್ಕೊಂಡಿದ್ರೆ ನಿಮ್ಮನ್ನೇ ಕೋಟೆಗೆ ಕಳಿಸಬೇಕು ಅಂತಿದ್ದೆ. ಬೇಲಿಕಳ್ಳೀನೇ ಕೊಳೆಸಿದವರ ಕೈಗೆ ಒಂದು ಗೋಡೌನು ಒಣಸೊಪ್ಪು ಹೇಗ್ರೀ ಕೊಡ್ಲಿ? ಲಿಂಗಣ್ಣ ಹೋಗಲಿ. ನೀವು ಇಲ್ಲೇ ಬಿದ್ದಿರಿ."

ಅವರು ಬೀದಿ ತಿರುಗುವವರೆಗೆ ಗಂಗಾಧರಪ್ಪ ಮುಖ ಸಣ್ಣದು ಮಾಡಿಕೊಂಡೇ ನಿಂತಿದ್ದ. ತಿರುಗಿದ ಮೇಲೆ ಒಳಗೆ ಬಂದು ಮೀಸೆ ತೀಡಿದ. "ನೋಡಿದ್ಯಾ ಅವ್ವ, ಕೋಟೆ ತಪ್ತು. ಮೂರು ಜನರ ಪೂಜೆ ಫಲ."

ಮಂಗಳಮ್ಮ ದೇವರ ಗೂಡಿನಿಂದ ಅವನ ಪೂಜೆಯ ಬಟ್ಟಲನ್ನು ತಂದು ಕೈಗಿಟ್ಟರು. ಒಳಗೆ ಜೇಡ ಬಲೆ ಕಟ್ಟಿತ್ತು.

"ಇಬ್ಬರದು ಕಣೋ" ಎಂದರು. "ಇಷ್ಟು ದಿನ ಈ ಮನೇಲಿ ಒಣಗಿದ್ದದ್ದು ಇದೊಂದೇ."